ಬೆಂಕಿ ಹೊತ್ತಿಸದ ಶುಕ್ರವಾರ

ಈ ಹೇಳಿಕೆ ಬರೆಸುತ್ತಿರುವ ಹೊತ್ತಿಗೆ, ಅಂದರೆ ದಿನಾಂಕ 18-01-2020ರ ಶನಿವಾರ ಬೆಳಿಗ್ಗೆ 11 ಗಂಟೆಗೆ, ದೆಯಾ ಎಂಬ ನಾಲ್ಕು ವರ್ಷದ ಮಗುವಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಮಗುವಿನ ಜೊತೆ ಕಾರಿನಲ್ಲಿದ್ದ ತಾಯಿ ರಾಲಿಟ್ಸಾ ಅವರಿಗೆ ಬೆಳಿಗ್ಗೆ 6-30ಕ್ಕೆ ಎಚ್ಚರವಾಗಿದೆ. ಗಾಬ್ರೊವೊ ಆಸ್ಪತ್ರೆಯ ವೈದ್ಯರು ಫೋನಿನಲ್ಲಿ ಕೊಟ್ಟ ಈ ಮಾಹಿತಿಯನ್ನು ಇನ್‌ಸ್ಪೆಕ್ಟರ್ ಡಾರಿನಾ ಪೇವಾ ಅವರು ಹೇಳಿಕೆ ಶುರುವಾಗುವ ಮುಂಚೆ ನನಗೆ ಓದಿ ಹೇಳಿದರು. ಶಿಪ್ಕಾ ಘಾಟಿ ರಸ್ತೆಯಲ್ಲಿ ನಿಂತಿದ್ದ ಆ ಕಾರಿನ ಬಗ್ಗೆ ನಿನ್ನೆ ಸಂಜೆ 4-10ಕ್ಕೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದವನು ನಾನು. ಆ ಕಾರಿನ ಹೊಗೆ ಕೊಳವೆಯನ್ನು ನಿನ್ನೆ ಮಧ್ಯಾಹ್ನ ಜೋಡಿಸಿದವನೂ ನಾನೇ.

ನನ್ನ ಹೆಸರು ಗಾಂಚೊ ದೆಚ್ಕೊವ್ ರಾಯ್ಕೊವ್. ವಯಸ್ಸು 41. ಉದ್ಯೋಗ ಕಾರು ಮೆಕ್ಯಾನಿಕ್. ವಾಸ ಗಾಬ್ರೊವೊ ಪಟ್ಟಣದ ಲ್ಯುಬೊವೊ ಬಡಾವಣೆ, ಹಳೆಯ ನೂಲಿನ ಗಿರಣಿಯ ಹಿಂದಿನ ಮನೆ. ಮನೆಗೆ ಅಂಟಿಕೊಂಡೇ ಗ್ಯಾರೇಜಿದೆ. ಈ ಹಿಂದೆ ನನ್ನ ಮೇಲೆ ಯಾವ ಕೇಸೂ ಇರಲಿಲ್ಲ. ಯಾರ ಒತ್ತಾಯವೂ ಇಲ್ಲದೆ, ನಾನು ಕಂಡದ್ದನ್ನೂ ಮಾಡಿದ್ದನ್ನೂ ನಡೆದ ಕ್ರಮದಲ್ಲಿ ಹೇಳುತ್ತಿದ್ದೇನೆ.

ಗ್ಯಾರೇಜಿನಲ್ಲಿ ಇಬ್ಬರೇ ಕೆಲಸ ಮಾಡುತ್ತೇವೆ. ಇಂಜಿನ್ ಮತ್ತು ಟರ್ಬೊ ಕೆಲಸ ನನ್ನದು. ವೆಲ್ಡಿಂಗ್ ನನ್ನ ಹೆಂಡತಿಯ ತಂದೆ ಲಾಲ್ಯೊ ಪೆಂಚೆವ್ ಅವರದು. ಅವರಿಗೆ 68 ವರ್ಷ. ಚಾಕು ತಯಾರಿಸುವ ಕಾರ್ಖಾನೆಯಲ್ಲಿ 31 ವರ್ಷ ದುಡಿದು ನಿವೃತ್ತರಾದವರು. ಅವರ ಮನೆತನ ಐದು ತಲೆಮಾರಿನಿಂದ ಕಬ್ಬಿಣದ ಕೆಲಸದ್ದು.

ಕಾರಿನ ಮಾಲೀಕ ಬಿಸೆರ್ ಮಿನೆವ್, 33 ವರ್ಷ, ನನಗೆ ಆರು ವರ್ಷದಿಂದ ಪರಿಚಯ. ನನ್ನನ್ನು ಅಣ್ಣ ಎಂದೇ ಕರೆಯುತ್ತಾನೆ. ಅವನದು 2004ರ ಬೂದು ಬಣ್ಣದ ಎರಡು ಲೀಟರ್ ಪೆಟ್ರೋಲ್ ಟರ್ಬೊ ಕಾರು. ಅದರ ಎಲ್ಲ ಕೆಲಸವನ್ನೂ ನಾನೇ ಮಾಡಿದ್ದೇನೆ. ಪ್ರತಿ 7,000 ಕಿ.ಮೀ.ಗೆ ಎಣ್ಣೆ ಬದಲಿಸುತ್ತಿದ್ದೆ. 2018ರಲ್ಲಿ ಕಂಪ್ಯೂಟರಿನಲ್ಲಿ ಪೆಟ್ರೋಲ್ ಮತ್ತು ಬೂಸ್ಟ್, ಅಂದರೆ ಟರ್ಬೊ ಇಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, ಏರಿಸಿಕೊಟ್ಟೆ. ಅದಕ್ಕೂ ಮೊದಲು, 2017ರಲ್ಲಿ, ಟರ್ಬೊದಿಂದ ಹೊರಬರುವ ಮೊದಲ ಕೊಳವೆಯಲ್ಲಿದ್ದ ಕೆಟಲಿಟಿಕ್ ಕನ್ವರ್ಟರ್ ತೆಗೆದು ಆ ಜಾಗಕ್ಕೆ ಖಾಲಿ ಕೊಳವೆ ಹಾಕಿದೆ. ಗ್ಯಾರೇಜಿನಲ್ಲಿ ನಾವು ಆ ಕನ್ವರ್ಟರನ್ನು ಡಬ್ಬಿ ಎನ್ನುತ್ತೇವೆ. ಹೊಗೆಯಲ್ಲಿರುವ ವಿಷವನ್ನು ಸುಡುವುದು ಅದರ ಕೆಲಸ. ಆದರೆ ಟರ್ಬೊಗೆ ಅದು ಮೂಗಿಗೆ ಬಟ್ಟೆ ಕಟ್ಟಿದ ಹಾಗೆ. ತೆಗೆದರೆ ಕಾರು ಓಡುತ್ತದೆ, ಸದ್ದು ಮಾಡುತ್ತದೆ, ಹಿಂದಿನಿಂದ ಪೆಟ್ರೋಲ್ ವಾಸನೆ ಬರುತ್ತದೆ. ತೆಗೆಯುವುದು ಕಾನೂನಿಗೆ ವಿರುದ್ಧ ಎಂಬುದು ನನಗೂ ಗೊತ್ತು, ತೆಗೆಸುವವರಿಗೂ ಗೊತ್ತು.

ಕಳೆದ ಅಕ್ಟೋಬರ್‌ನಲ್ಲಿ ಬಿಸೆರ್ ಬಾನೆಟ್ಟಿನ ಹಿಂದಿನ ಅಂಚನ್ನು ಎತ್ತಿಸಲು ಬಂದ. ಟರ್ಬೊದ ಶಾಖ ಹೊರಹೋಗಲಿ ಎಂದು ಕೆಲವರು ಹೀಗೆ ಮಾಡಿಸುತ್ತಾರೆ, ಹೆಚ್ಚಿನವರು ನೋಡಲು ಚೆನ್ನಾಗಿರುತ್ತದೆ ಎಂದು ಮಾಡಿಸುತ್ತಾರೆ. ಕೀಲುಗಳ ಕೆಳಗೆ ವಾಷರ್ ಇಟ್ಟು 15 ಮಿಲಿಮೀಟರ್ ಎತ್ತಿದೆ. ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಇದ್ದ ರಬ್ಬರ್ ಪಟ್ಟಿ ಕೂರಲಿಲ್ಲ. ತೆಗೆದು ಬಿಸಾಡಿದೆ. ಕಾರಿನೊಳಗೆ ಹೀಟರ್ ಗಾಳಿ ಎಳೆದುಕೊಳ್ಳುವ ಬಾಯಿ ಆ ಪಟ್ಟಿಯ ಹಿಂದೆಯೇ, ಗಾಜಿನ ಬುಡದಲ್ಲಿದೆ.

ಪ್ರತಿ ವರ್ಷದ ವಾಹನ ತಪಾಸಣೆಯಲ್ಲಿ ಹೊಗೆಯನ್ನು ಅಳೆಯುತ್ತಾರೆ. ಡಬ್ಬಿ ಇಲ್ಲದ ಕಾರು ಪಾಸಾಗುವುದಿಲ್ಲ. ಅದಕ್ಕೆ ನಮ್ಮ ಗ್ಯಾರೇಜಿನಲ್ಲಿ ಒಂದು ಒಳ್ಳೆಯ ಡಬ್ಬಿ ಇಟ್ಟುಕೊಂಡಿದ್ದೇವೆ. ಅದೇ ಮಾದರಿಯ ಹನ್ನೊಂದು ಕಾರುಗಳಿಗೆ ಅದೊಂದೇ. ತಪಾಸಣೆಯ ಹಿಂದಿನ ದಿನ ಕೊಳವೆ ಬಿಚ್ಚಿ ಡಬ್ಬಿ ಹಾಕುತ್ತೇವೆ, ಪಾಸಾಗಿ ಬಂದ ಮೇಲೆ ಡಬ್ಬಿ ಬಿಚ್ಚಿ ಕೊಳವೆ ಹಾಕುತ್ತೇವೆ. ಯಾರೋ ಅದರ ಮೇಲೆ ಬಿಳಿ ಬಣ್ಣದಲ್ಲಿ ‘ಪಾದ್ರಿ’ ಎಂದು ಬರೆದಿದ್ದಾರೆ. ಅದು ಬಂದು ಹೋದರೆ ಒಂದು ವರ್ಷದ ಪಾಪ ಮಾಫಿಯಂತೆ. ಹನ್ನೊಂದು ಮಾಲೀಕರ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ. ಇಂದು ಬೆಳಿಗ್ಗೆ ಎಲ್ಲರಿಗೂ ಫೋನ್ ಮಾಡಿ ಕಾರು ಓಡಿಸಬೇಡಿ ಎಂದು ಹೇಳಿದ್ದೇನೆ.

ದಿನಾಂಕ 16ರ ಗುರುವಾರ ಸಂಜೆ 5-30ಕ್ಕೆ ಬಿಸೆರ್ ಕಾರು ತಂದ. ಕೊಳವೆ ಬಿಚ್ಚಿ ಡಬ್ಬಿ ಜೋಡಿಸಲು ನಲವತ್ತು ನಿಮಿಷ ಹಿಡಿಯಿತು. ಬಿಚ್ಚಿದ ಕೊಳವೆಯನ್ನು ಒರೆಸದೆ ಕಪಾಟಿನ ಮೇಲೆ ಇಟ್ಟೆ. ಮಸಿ ಹಿಡಿದಿತ್ತು. ಅಂದೇ ಒರೆಸಿದ್ದರೆ ಬಿರುಕು ಅಂದೇ ಕಾಣುತ್ತಿತ್ತು, ಮಾವ ಅಂದೇ ವೆಲ್ಡ್ ಮಾಡುತ್ತಿದ್ದರು.

ನಿನ್ನೆ, 17ರ ಶುಕ್ರವಾರ, ಸಂತ ಆಂಟನ್‌ನ ದಿನ. ಕಬ್ಬಿಣದ ಕೆಲಸದವರ ಹಬ್ಬ. ಮಾವನ ಮನೆತನದಲ್ಲಿ ಆ ದಿನ ಕುಲುಮೆ ಹೊತ್ತಿಸುವುದಿಲ್ಲ. ಈಗ ಕುಲುಮೆ ಇಲ್ಲ, ಆದ್ದರಿಂದ ಆ ನಿಯಮ ವೆಲ್ಡಿಂಗ್ ಮೆಷಿನ್ನಿಗೆ ಬಂದಿದೆ. ಬೆಳಿಗ್ಗೆಯೇ ಮಾವ ಮೆಷಿನ್ ಒರೆಸಿ, ಮೇಲೆ ಬಿಳಿ ಬಟ್ಟೆ ಹೊದಿಸಿ, ಒಂದು ರೊಟ್ಟಿ ಇಟ್ಟಿದ್ದರು. ನನ್ನ ಹೆಂಡತಿ ತಿಂಕಾ ಜೇನು ಸವರಿದ ಸಣ್ಣ ರೊಟ್ಟಿಗಳನ್ನು ಅಕ್ಕಪಕ್ಕದವರಿಗೆ ಹಂಚಲು ಹೋಗಿದ್ದಳು. ಉಳಿದ ಕೆಲಸಕ್ಕೆ ಅಡ್ಡಿಯಿಲ್ಲ. ಬೋಲ್ಟ್ ಬಿಗಿಯಬಹುದು, ಎಣ್ಣೆ ಬದಲಿಸಬಹುದು. ಬೆಂಕಿ ಮಾತ್ರ ಇಲ್ಲ.

ಬೆಳಿಗ್ಗೆ 9-30ಕ್ಕೆ ಬಿಸೆರ್‌ನ ಕಾರು ತಪಾಸಣೆಯಲ್ಲಿ ಪಾಸಾಯಿತು. 11-40ಕ್ಕೆ ಅವನು ಗ್ಯಾರೇಜಿಗೆ ಬಂದ. ಜೊತೆಗೆ ಹೆಂಡತಿ ಮತ್ತು ಮಗಳಿದ್ದರು. ಹಿಂದಿನ ಸೀಟಿನಲ್ಲಿ ಒಂದು ಚೀಲ, ಕಾಗದ ಸುತ್ತಿದ ಒಂದು ಬಾಟಲಿ ಇತ್ತು. ಮಾರನೆಯ ದಿನ ಸಂತ ಅತನಾಸ್‌ನ ದಿನ, ರಾಲಿಟ್ಸಾ ಅವರ ತಂದೆಯ ಹೆಸರೂ ಅತನಾಸ್, ಆದ್ದರಿಂದ ಅಂದು ಅವರ ಹೆಸರಿನ ಹಬ್ಬ. ಘಾಟಿಯ ಆಚೆ ಕಜನ್ಲಾಕ್‌ನಲ್ಲಿ ಅವರ ಮನೆ. ಮಗಳು ಅಳಿಯ ಹಿಂದಿನ ದಿನವೇ ಅಲ್ಲಿರಬೇಕೆಂದು ಹೇಳಿದ್ದರಂತೆ.

11-55ಕ್ಕೆ ಕಾರನ್ನು ಲಿಫ್ಟಿಗೆ ಏರಿಸಿದೆ. ಡಬ್ಬಿ ಬಿಚ್ಚಿ ಕೆಳಗಿಟ್ಟೆ. 12-20ಕ್ಕೆ ಕೊಳವೆಯ ಬಾಯನ್ನು ತಂತಿ ಬ್ರಷ್ಷಿನಿಂದ ಉಜ್ಜುವಾಗ, ಟರ್ಬೊಗೆ ಕೂರುವ ಬಿಲ್ಲೆಯ ಎರಡನೇ ಬೋಲ್ಟಿನ ಪಕ್ಕ ಕಪ್ಪು ಗೆರೆ ಕಂಡಿತು. ಉಗುರು ಹಾಕಿ ನೋಡಿದೆ. ಗೆರೆಯಲ್ಲ, ಬಿರುಕು. ಅಳೆದೆ, ನಾಲ್ಕು ಸೆಂಟಿಮೀಟರ್ ಇತ್ತು. ಬಿಸೆರ್‌ಗೂ ಮಾವನಿಗೂ ತೋರಿಸಿದೆ. ಆಗ ನಡೆದ ಮಾತುಗಳನ್ನು ನೆನಪಿದ್ದಷ್ಟು ಅವರವರ ಮಾತಿನಲ್ಲೇ ಹೇಳಬೇಕೆಂದು ಇನ್‌ಸ್ಪೆಕ್ಟರ್ ಕೇಳಿದ್ದರಿಂದ ಹಾಗೆಯೇ ಹೇಳುತ್ತಿದ್ದೇನೆ.

ಬಿಸೆರ್ ಮಾವನ ಹತ್ತಿರ ಹೋಗಿ, “ಹತ್ತು ನಿಮಿಷದ ಕೆಲ್ಸ ತಾತ. ಒಂದು ಗೀಟು ಎಳೆದುಬಿಡಿ,” ಎಂದ.

ಮಾವ, “ಹತ್ತು ನಿಮಿಷದ ಕೆಲ್ಸ ನಾಳೆನೂ ಹತ್ತೇ ನಿಮಿಷ. ನಾಳೆ ಬಾ,” ಎಂದರು.

“ನಾಳೆ ನಮ್ಮಾವನ ಹೆಸರಿನ ಹಬ್ಬ. ಇವತ್ತೇ ಅಲ್ಲಿರ್ಬೇಕು.”

“ಹಂಗಾದ್ರೆ ನಿಮ್ಮಾವಂಗೆ ಹೇಳು, ಆಂಟನ್ ಸಾಮಿ ಅಡ್ಡ ಬಂದ ಅಂತ. ಅವನಿಗೂ ಗೊತ್ತು ಸಾಮಿ ಅಂದ್ರೆ ಏನು ಅಂತ.”

ಆ ಹೊತ್ತಿಗೆ ಗೆನಾದಿ ಎಂಬ ಇನ್ನೊಬ್ಬ ಗಿರಾಕಿ ಬಂದು ಎಣ್ಣೆ ಡ್ರಮ್ಮಿನ ಮೇಲೆ ಕುಳಿತಿದ್ದ. ಅವನ ತಪಾಸಣೆಯ ಸರದಿ ಮಧ್ಯಾಹ್ನ 2-30ಕ್ಕೆ ಇತ್ತು, ಹಳೆಯ ಸರ್ಟಿಫಿಕೇಟಿನ ಅವಧಿ ಅಂದೇ ಮುಗಿಯುತ್ತಿತ್ತು. ಬಿಸೆರ್‌ನ ಕಾರಿನಿಂದ ಬಿಚ್ಚಿದ ಡಬ್ಬಿ ಅವನ ಕಾರಿಗೆ ಹೋಗಬೇಕಿತ್ತು. ಅವನು ಮಾವನಿಗೆ, “ತಾತ, ಬಾಯಲ್ಲಿ ಸಿಗರೇಟು ಉರೀತಿದೆಯಲ್ಲ, ಅದು ಬೆಂಕಿ ಅಲ್ವಾ?” ಎಂದು ಕೇಳಿದ.

ಮಾವ, “ಇದು ನನ್ನನ್ನ ಸುಡೋ ಬೆಂಕಿ ಕಣಯ್ಯ. ಕಬ್ಬಿಣ ಸುಡೋದಲ್ಲ,” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಂತರ ಮಾವ ನಗುವುದು ಬಿಟ್ಟು, ತಮ್ಮ ತಂದೆ 1962ರಲ್ಲಿ ಇದೇ ದಿನ ಮೇಸ್ತ್ರಿಯ ಮಾತಿಗೆ ಕುಲುಮೆ ಹೊತ್ತಿಸಿ ಎಡಗಣ್ಣು ಕಳೆದುಕೊಂಡ ವಿಷಯ ಹೇಳಿದರು. ಇದನ್ನು ನಾನು ಮದುವೆಯಾದಾಗಿನಿಂದ ಪ್ರತಿ ಜನವರಿಯಲ್ಲೂ ಕೇಳಿದ್ದೇನೆ.

ಬಿಸೆರ್ ಡಬ್ಬಿಯನ್ನು ತನ್ನ ಕಾರಿನಲ್ಲೇ ಬಿಡಲು ಕೇಳಿದ. ಗೆನಾದಿ ಒಪ್ಪಲಿಲ್ಲ. “ನಿನ್ನ ಪಾಪ ಬೆಳಿಗ್ಗೆನೇ ಮಾಫಿ ಆಯ್ತಲ್ಲಪ್ಪ. ಪಾದ್ರಿನ ಇನ್ನು ನಮ್ಮನೇಗೂ ಕಳ್ಸು,” ಎಂದ. ಡಬ್ಬಿಯ ಆ ಸರದಿಯನ್ನು ಅವನಿಗೆ ನಾನೇ ಕೊಟ್ಟಿದ್ದೆ, ಡಬ್ಬಿಯನ್ನು ಅವನ ಕಡೆಗೆ ಸರಿಸಿದೆ.

ರಾಲಿಟ್ಸಾ ಅವರು ಎರಡು ಗಂಟೆಗೆ ಬಸ್ಸಿದೆ, ಕಾರು ಇಲ್ಲೇ ಇರಲಿ ಎಂದರು. ಬಿಸೆರ್, “ಮದುವೆ ಆದಾಗ್ಲಿಂದ ನಿಮ್ಮಪ್ಪ ನನ್ನ ಕಾರನ್ನ ಬೈಕೊಂಡೇ ಬಂದ. ಇವತ್ತು ಬಸ್ಸಲ್ಲಿ ಹೋಗಿ ಇಳಿದ್ರೆ ಹಬ್ಬದ ಊಟ ಪೂರ್ತಿ ಅದೇ ಮಾತು,” ಎಂದ. ಅದಕ್ಕೆ ಅವರು, “ಅಪ್ಪ ಬೈಯೋದು ಕಾರನ್ನಲ್ಲ,” ಎಂದರು. ಈ ಕಾರಿನಲ್ಲಿ ಕೂತರೆ ತಮಗೆ ತಲೆನೋವು ಬರುತ್ತದೆ, ಮಗುವಿನ ಬಟ್ಟೆಗೂ ಪೆಟ್ರೋಲ್ ವಾಸನೆ ಹಿಡಿಯುತ್ತದೆ ಎಂದೂ ಹೇಳಿದರು. ಬಿಸೆರ್ ನನ್ನ ಕಡೆ ನೋಡಿ, “ಮೂರು ವರ್ಷದಿಂದ ಇದೇ ವಾಸನೆ, ಮೂರು ವರ್ಷದಿಂದ ಇದೇ ತಲೆನೋವು,” ಎಂದ.

ಮಗು ವೆಲ್ಡಿಂಗ್ ಮೆಷಿನ್ನಿನ ಮುಂದೆ ನಿಂತು, “ಮೆಷಿನ್ ರೊಟ್ಟಿ ತಿನ್ನತ್ತಾ?” ಎಂದು ಮಾವನನ್ನು ಕೇಳಿತು. ಮಾವ, “ಇವತ್ತು ಅದಕ್ಕೆ ರಜೆ ಪುಟ್ಟಿ. ಊಟ ಮಾಡಿ ಮಲಗಿದೆ,” ಎಂದರು. ಆಮೇಲೆ ಮಗು ಗ್ಯಾರೇಜಿನಲ್ಲಿದ್ದಷ್ಟು ಹೊತ್ತೂ ಪಿಸುಗುಟ್ಟುತ್ತಲೇ ಮಾತಾಡಿತು. ಜೇನು ರೊಟ್ಟಿ ಎರಡು ತಿಂದಿತು.

12-50ಕ್ಕೆ ನಾನು ಬಿಸೆರ್‌ಗೆ, ಸದ್ಯಕ್ಕೆ ಬಿರುಕಿಗೆ ಪೇಸ್ಟ್ ಹಚ್ಚಿ, ಮೇಲೆ ಪಟ್ಟಿ ಬಿಗಿದು ಕೊಡುತ್ತೇನೆ, ಸೋಮವಾರ ತಂದರೆ ವೆಲ್ಡ್ ಮಾಡೋಣ ಎಂದು ಹೇಳಿದೆ. ಇದು ನನ್ನ ಮಾತು. ಬಿಸೆರ್ ಕೇಳಿದ್ದಲ್ಲ, ಮಾವ ಹೇಳಿದ್ದಲ್ಲ. ಆ ಪೇಸ್ಟ್ ಸೈಲೆನ್ಸರಿನ ಹಿಂಬದಿಯ ಸಣ್ಣ ತೂತುಗಳಿಗೆ ಹಚ್ಚುವಂಥದ್ದು. ಟರ್ಬೊದ ಬಾಯಲ್ಲಿ ಕೊಳವೆ ಕೆಂಪಗೆ ಕಾಯುತ್ತದೆ, ಏರು ರಸ್ತೆಯಲ್ಲಿ ಇನ್ನೂ ಹೆಚ್ಚು. ಅಲ್ಲಿ ಅದು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಅರವತ್ತು ಕಿ.ಮೀ. ಒಳಗಿನ ದಾರಿಗೆ ತಡೆದೀತು ಎಂದುಕೊಂಡೆ.

ವೆಲ್ಡಿಂಗ್ ನಿಮಗೆ ಬರುತ್ತದೆಯೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಬರುತ್ತದೆ. ಮಾವನಷ್ಟು ಚೆನ್ನಾಗಿ ಅಲ್ಲ, ಆದರೆ ನಾಲ್ಕು ಸೆಂಟಿಮೀಟರ್ ಹಾಕಬಲ್ಲೆ. ಏಕೆ ಹಾಕಲಿಲ್ಲ ಎಂದು ಕೇಳಿದರು. ಮಾವ ಎದುರಿಗೇ ಸ್ಟೂಲಿನ ಮೇಲೆ ಕುಳಿತಿದ್ದರು. ಆ ಬಿಳಿ ಬಟ್ಟೆ ಎಳೆಯಲು ನನಗೆ ಕೈ ಬರಲಿಲ್ಲ.

ಹೊಗೆ ಸೋರದಂತೆ ಬಿಲ್ಲೆಯ ನಡುವೆ ಕೂರಿಸುವ ಗ್ಯಾಸ್ಕೆಟ್ ಹಳೆಯದನ್ನೇ ಮತ್ತೆ ಹಾಕಿದೆ. ನಾಲ್ಕು ಬೋಲ್ಟ್ ಬಿಗಿದೆ. ಎರಡನೆಯದು ಪೂರ್ತಿ ಬಿಗಿಯಾಗಲಿಲ್ಲ. ಪೇಸ್ಟಿನ ಟ್ಯೂಬಿನ ಮೇಲೆ ಒಂದು ಗಂಟೆ ಒಣಗಲು ಬಿಡಿ ಎಂದು ಬರೆದಿತ್ತು. ಹದಿನೈದು ನಿಮಿಷ ಬಿಟ್ಟೆ. 1-35ಕ್ಕೆ ಇಂಜಿನ್ ಸ್ಟಾರ್ಟ್ ಮಾಡಿಸಿದೆ. ಬಾನೆಟ್ಟಿನ ಒಳಗಿಂದ ಗಡಿಯಾರದ ಹಾಗೆ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು. ಹೊಗೆ ಸೋರುವ ಸದ್ದು ಅದು. ಬಿಸೆರ್, “ಅದೇನಣ್ಣ?” ಎಂದ. ಕಾದರೆ ಲೋಹ ಹಿಗ್ಗಿ ಕೂರುತ್ತದೆ ಎಂದೆ. ಗಿರಾಕಿಗಳಿಗೆ ಎಲ್ಲರೂ ಹೇಳುವ ಮಾತು ಇದು. ಕೆಲವೊಮ್ಮೆ ನಿಜವೂ ಆಗುತ್ತದೆ. ಹತ್ತು ನಿಮಿಷದ ನಂತರ ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ.

1-50ಕ್ಕೆ ಅವರು ಹೊರಟರು. ಕಿಟಕಿ ತೆರೆದಿಟ್ಟುಕೋ ಎಂದು ಹೇಳಿದಿರಾ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಹೇಳಲಿಲ್ಲ. ನಿಂತಾಗ ಇಂಜಿನ್ ಆಫ್ ಮಾಡು ಎಂದು ಹೇಳಿದಿರಾ ಎಂದು ಕೇಳಿದರು. ಅದನ್ನೂ ಹೇಳಲಿಲ್ಲ. ಅದಕ್ಕೆ ವಿರುದ್ಧವಾಗಿ ಹೇಳಿದೆ. ಏರು ಹತ್ತಿದ ಮೇಲೆ ಟರ್ಬೊ ಕೆಂಪಗಿರುತ್ತದೆ, ತಕ್ಷಣ ಆಫ್ ಮಾಡಿದರೆ ಒಳಗಿನ ಎಣ್ಣೆ ಸುಟ್ಟು ಬೇರಿಂಗ್ ಹೋಗುತ್ತದೆ, ಆದ್ದರಿಂದ ಘಾಟಿಯಲ್ಲಿ ಎಲ್ಲಿಯಾದರೂ ನಿಂತರೆ ಇಂಜಿನ್ ಓಡುತ್ತಿರಲಿ ಎಂದೆ. ಟರ್ಬೊ ಕಾರು ಇಟ್ಟುಕೊಂಡ ಪ್ರತಿಯೊಬ್ಬರಿಗೂ ನಾನು ಇದನ್ನು ಹೇಳುತ್ತೇನೆ. ಬಾಯಿಗೆ ರೂಢಿಯಾಗಿದೆ.

ಗೆನಾದಿಯ ಕಾರಿಗೆ ಡಬ್ಬಿ ಹಾಕಿ 2-25ಕ್ಕೆ ಕಳಿಸಿದೆ. ಅವನು ಪಾಸಾದ. ಡಬ್ಬಿ ಈಗಲೂ ಅವನ ಕಾರಿನಲ್ಲೇ ಇದೆ.

3-18ಕ್ಕೆ ನಾನು ಕೈ ತೊಳೆಯುತ್ತಿದ್ದೆ. ಮಾವ ರೇಡಿಯೊ ಕೇಳುತ್ತಿದ್ದರು. ಶಿಪ್ಕಾ ಘಾಟಿಯ ನಮ್ಮ ಕಡೆಯ ಇಳಿಜಾರಿನಲ್ಲಿ, ತುದಿಗೆ ನಾಲ್ಕು ಕಿ.ಮೀ. ಕೆಳಗೆ, ಮರ ಸಾಗಿಸುವ ಲಾರಿಯೊಂದು ಮಂಜುಗಡ್ಡೆಯ ಮೇಲೆ ಜಾರಿ ರಸ್ತೆಗೆ ಅಡ್ಡ ನಿಂತಿದೆ, 2-20ರಿಂದ ವಾಹನಗಳು ನಿಂತಿವೆ ಎಂದು ರೇಡಿಯೊದಲ್ಲಿ ಹೇಳಿದರು. ಹೊರಗೆ ಗ್ಯಾರೇಜಿನ ಬಾಗಿಲಲ್ಲೇ ಮೈನಸ್ ನಾಲ್ಕು ಡಿಗ್ರಿ ಇತ್ತು.

ಮಾವ ನನಗೆ, “ನಮ್ಮ ಹುಡುಗ ಎಷ್ಟೊತ್ತಿಗೆ ಹೊರಟ?” ಎಂದು ಕೇಳಿದರು. ಹೇಳಿದೆ. “ಹಂಗಾದ್ರೆ ಅಲ್ಲೇ ಸಿಕ್ಕಾಕೊಂಡಿರ್ತಾನೆ. ಮಗು ಬೇರೆ ಇದೆ. ಹೀಟರ್ ಹಾಕ್ಕೊಂಡು ಕೂತಿರ್ತಾರೆ ಬಿಡು,” ಎಂದರು.

ನನಗೆ ಆಗ ಬಾನೆಟ್ಟಿನ ಹಿಂದಿನ ಅಂಚು ನೆನಪಾಯಿತು. ಕಾರು ಓಡುತ್ತಿದ್ದರೆ ಸೋರುವ ಹೊಗೆಯನ್ನು ಗಾಳಿ ಕೆಳಗೆ ಎಳೆದುಕೊಂಡು ಹೋಗುತ್ತದೆ. ನಿಂತರೆ ಅದು ಬಾನೆಟ್ಟಿನ ಕೆಳಗೆ ತುಂಬಿ ಮೇಲಕ್ಕೆ ಬರುತ್ತದೆ, ಹಿಂದಿನ ಸಂದಿನಿಂದ ಗಾಜಿನ ಬುಡಕ್ಕೆ ಹೋಗುತ್ತದೆ. ಹೀಟರಿನ ಫ್ಯಾನು ಅದನ್ನು ಒಳಕ್ಕೆ ಎಳೆಯುತ್ತದೆ. ಡಬ್ಬಿ ಇದ್ದ ಕಾರಿನ ಹೊಗೆಯೇ ಕೆಟ್ಟದ್ದು. ಡಬ್ಬಿ ಇಲ್ಲದ್ದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷ ಎಷ್ಟಿರುತ್ತದೆ ಎಂಬುದನ್ನು ತಪಾಸಣೆಯ ಯಂತ್ರದಲ್ಲಿ ನಾನು ಹಲವು ಸಲ ನೋಡಿದ್ದೇನೆ. ಬೇರೆ ಕಾರಾಗಿದ್ದರೆ ಪೆಟ್ರೋಲ್ ವಾಸನೆಗೆ ಒಳಗಿದ್ದವರು ಹೆದರಿ ಇಳಿಯುತ್ತಿದ್ದರು. ಇವರಿಗೆ ಆ ವಾಸನೆ ಅಭ್ಯಾಸವಾಗಿತ್ತು.

3-21, 3-23, 3-24ಕ್ಕೆ ಬಿಸೆರ್‌ಗೆ ಕರೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಬಂತು. ರಾಲಿಟ್ಸಾ ಅವರ ನಂಬರು ನನ್ನ ಹತ್ತಿರ ಇರಲಿಲ್ಲ. 3-27ಕ್ಕೆ ವ್ಯಾನ್ ತೆಗೆದುಕೊಂಡು ಹೊರಟೆ. ಮಾವ ಬಾಗಿಲಿಗೆ ಬಂದು ಎಲ್ಲಿಗೆ ಎಂದು ಕೇಳಿದರು. ನಿಲ್ಲಿಸದೆ ವ್ಯಾನನ್ನು ರಸ್ತೆಗೆ ಇಳಿಸಿದೆ.

3-27ರಿಂದ 4-10ರವರೆಗೆ 112ಕ್ಕೆ ಏಕೆ ಕರೆ ಮಾಡಲಿಲ್ಲ ಎಂದು ಇನ್‌ಸ್ಪೆಕ್ಟರ್ ಎರಡು ಸಲ ಕೇಳಿದರು. ಮೊದಲ ಸಲ, ಗಾಬರಿಯಲ್ಲಿ ಹೊಳೆಯಲಿಲ್ಲ ಎಂದು ಹೇಳಿದ್ದೆ. ಅದು ಸರಿಯಲ್ಲ, ಅದನ್ನು ತೆಗೆಸಿದ್ದೇನೆ. ಹೊಳೆದಿತ್ತು. ಪಟ್ಟಣ ದಾಟುವ ಮೊದಲ ಸಿಗ್ನಲ್ಲಿನಲ್ಲಿ ಫೋನ್ ಕೈಗೆ ತೆಗೆದುಕೊಂಡೆ. ಕರೆ ಮಾಡಿದರೆ ಏನಾಗಿದೆ ಎಂದು ಕೇಳುತ್ತಾರೆ. ಡಬ್ಬಿ, ಪೇಸ್ಟ್, ಬಾನೆಟ್ ಎಲ್ಲವನ್ನೂ ಹೇಳಬೇಕಾಗುತ್ತದೆ. ಏನೂ ಆಗಿರಲಿಕ್ಕಿಲ್ಲ, ನಾನೇ ಹೋಗಿ ಇಂಜಿನ್ ಆಫ್ ಮಾಡಿಸಿ ಮೂವರನ್ನೂ ವ್ಯಾನಿನಲ್ಲಿ ಕರೆತಂದರೆ ಮುಗಿಯಿತು ಎಂದುಕೊಂಡೆ. ಫೋನನ್ನು ಪಕ್ಕದ ಸೀಟಿನ ಮೇಲೆ ಇಟ್ಟೆ. ಘಾಟಿಯಲ್ಲಿ ಎಲ್ಲ ಕಡೆ ಫೋನಿಗೆ ಸಿಗ್ನಲ್ ಇರಲಿಲ್ಲ, ಆದರೆ ಮೊದಲ ಒಂಬತ್ತು ಕಿ.ಮೀ. ಇತ್ತು.

3-54ಕ್ಕೆ ನಿಂತ ವಾಹನಗಳ ಸಾಲಿನ ಬಾಲ ಸಿಕ್ಕಿತು. ವ್ಯಾನನ್ನು ಅಲ್ಲೇ ಬಿಟ್ಟು ರಸ್ತೆಯ ಅಂಚಿನಲ್ಲಿ ಮೇಲಕ್ಕೆ ಓಡಿದೆ. ಒಂದು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ದೂರ. ಎರಡು ಸಲ ಜಾರಿ ಬಿದ್ದೆ. ಮಂಜು ಕವಿದಿತ್ತು, ಮೂರ್ನಾಲ್ಕು ಕಾರುಗಳಿಂದ ಆಚೆ ಕಾಣುತ್ತಿರಲಿಲ್ಲ. ಬಿಸೆರ್‌ನ ಕಾರು ಕಾಣುವ ಮೊದಲೇ ಅದರ ಇಂಜಿನ್ ಸದ್ದು ಕೇಳಿತು. ಅದು ನಾನು ಕೂರಿಸಿದ ಸದ್ದು, ನನಗೆ ಗುರುತು ಸಿಗುತ್ತದೆ.

ಬಿಸೆರ್ ಕಾರಿನಲ್ಲಿರಲಿಲ್ಲ. ಸುಮಾರು 60 ಮೀಟರ್ ಮುಂದೆ ಲಾರಿ ಚಾಲಕರ ಜೊತೆ ನಿಂತು ಕಾಫಿ ಕುಡಿಯುತ್ತಿದ್ದ. ಲಾರಿಯವರು ಪುಟ್ಟ ಗ್ಯಾಸ್ ಒಲೆ ಹಚ್ಚಿದ್ದರು. ನನ್ನನ್ನು ನೋಡಿ ಕೈ ಎತ್ತಿ, “ಏನಣ್ಣ, ನಮ್ಮಾವ ನಿನ್ನನ್ನೂ ಹಬ್ಬಕ್ಕೆ ಕರೆದ್ನಾ?” ಎಂದು ಕೂಗಿದ. ನಾನು ಕಾರಿನ ಬಾಗಿಲಿಗೆ ಕೈ ಹಾಕಿದ್ದನ್ನು ನೋಡಿ, “ಮಲಗಿದ್ದಾರೆ, ಎಬ್ಬಿಸ್ಬೇಡ,” ಎಂದ.

ಹಿಂದಿನ ಬಾಗಿಲು ತೆರೆದೆ. ಒಳಗೆ ಬೇಸಿಗೆಯ ಹಾಗೆ ಬೆಚ್ಚಗಿತ್ತು. ಫ್ಯಾನು ಕೊನೆಯ ಗುರುತಿನವರೆಗೆ ತಿರುಗಿಸಿತ್ತು. ತಾಯಿ ಹಿಂದಿನ ಸೀಟಿನಲ್ಲಿ, ಮಗು ತಾಯಿಯ ತೊಡೆಯ ಮೇಲೆ ಮಲಗಿದ್ದರು. ಇಬ್ಬರ ಕೆನ್ನೆಗಳೂ ಗುಲಾಬಿ ಬಣ್ಣಕ್ಕೆ ತಿರುಗಿದ್ದವು, ಆ ವಿಷ ರಕ್ತಕ್ಕೆ ಸೇರಿದರೆ ಹಾಗಾಗುತ್ತದೆ. ಬಿಸೆರ್ 3-40ರ ಸುಮಾರಿಗೆ ಒಮ್ಮೆ ಬಂದು ಗಾಜಿನಿಂದ ನೋಡಿ ಹೋಗಿದ್ದನಂತೆ. ಕೆನ್ನೆ ಕೆಂಪಾಗಿದೆ, ಚಳಿಯಿಲ್ಲ ಎಂದು ಸಮಾಧಾನವಾಯಿತಂತೆ. ಇದನ್ನು ಅವನೇ ನನಗೆ ಆಸ್ಪತ್ರೆಯಲ್ಲಿ ಹೇಳಿದ.

ಇಂಜಿನ್ ಆಫ್ ಮಾಡಿ ಮಗುವನ್ನು ಹೊರಗೆ ಎತ್ತಿಕೊಂಡೆ. ತಲೆ ನಿಲ್ಲಲಿಲ್ಲ. ಉಸಿರಿತ್ತು. ಲಾರಿ ಚಾಲಕರಿಬ್ಬರು ತಾಯಿಯನ್ನು ಹೊರಗೆ ತಂದು ಹಿಮದ ಮೇಲೆ ಕಂಬಳಿ ಹಾಸಿ ಮಲಗಿಸಿದರು. ಅವರಲ್ಲೊಬ್ಬರ ಫೋನಿಗೆ ಸಿಗ್ನಲ್ ಇತ್ತು. ಅದರಲ್ಲಿ 4-10ಕ್ಕೆ ನಾನು 112ಕ್ಕೆ ಕರೆ ಮಾಡಿದೆ. ಏನಾಗಿದೆ ಎಂದು ಕೇಳಿದರು. ಟರ್ಬೊದ ಬಾಯಲ್ಲಿ ಹೊಗೆ ಸೋರಿ ಕಾರಿನೊಳಗೆ ಹೋಗಿದೆ, ಕನ್ವರ್ಟರ್ ಇಲ್ಲದ ಕಾರು ಎಂದು ಹೇಳಿದೆ. ಹೇಳಲು ಹತ್ತು ಸೆಕೆಂಡೂ ಹಿಡಿಯಲಿಲ್ಲ.

ಬಿಸೆರ್ ಓಡಿ ಬಂದು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡ. ಎದ್ದೇಳು, ತಾತನ ಮನೆ ಬಂತು ಎಂದು ಹೇಳುತ್ತಲೇ ಇದ್ದ. ಸಾಲು ದಾಟಿ ಆಂಬುಲೆನ್ಸ್ ಮೇಲಕ್ಕೆ ಬರಲಾಗಲಿಲ್ಲ. ಹಿಮ ತೆಗೆಯುವ ಯಂತ್ರದ ಚಾಲಕ ಇಬ್ಬರನ್ನೂ ತನ್ನ ಗಾಡಿಯಲ್ಲಿ ಕೆಳಕ್ಕೆ ತಂದ. 4-41ಕ್ಕೆ ಆಂಬುಲೆನ್ಸಿನವರು ಆಮ್ಲಜನಕ ಕೊಡಲು ಶುರುಮಾಡಿದರು. ಕಾರು ಈಗ ಪೊಲೀಸರ ವಶದಲ್ಲಿದೆ.

ಆಸ್ಪತ್ರೆಯ ಹೊರಾಂಗಣದಲ್ಲಿ ಬಿಸೆರ್ ನನ್ನ ಪಕ್ಕದಲ್ಲೇ ಕುಳಿತಿದ್ದ. ಬೈಯಲಿಲ್ಲ. ಒಂದು ಸಲ ಮಾತ್ರ, “ಟರ್ಬೊ ಹಾಳಾಗುತ್ತೆ ಅಂತ ನೀನೇ ಹೇಳಿದ್ಯಲ್ಲಣ್ಣ, ಅದಕ್ಕೇ ಆಫ್ ಮಾಡ್ಲಿಲ್ಲ. ಆಮೇಲೆ ಇವರಿಗೆ ಚಳಿ ಆಗ್ಬಾರ್ದು ಅಂತ ಹಂಗೇ ಬಿಟ್ಟೆ,” ಎಂದ. ನಾನು ಹೌದು ಎಂದೆ. ರಾಲಿಟ್ಸಾ ಅವರ ತಂದೆ ಅತನಾಸ್ ಬಳಸು ದಾರಿಯಲ್ಲಿ ಬಂದು ತಲುಪಿದರು. ಹೊಸ ಶರ್ಟು ಹಾಕಿಕೊಂಡಿದ್ದರು. ನಮ್ಮಿಬ್ಬರನ್ನೂ ದಾಟಿ ನೇರವಾಗಿ ಒಳಗೆ ಹೋದರು.

ನನ್ನ ಮಾವ ಇಂದು ಬೆಳಿಗ್ಗೆ ವೆಲ್ಡಿಂಗ್ ಮೆಷಿನ್ನಿನ ವೈರು ಕಿತ್ತು ಸುತ್ತಿಟ್ಟಿದ್ದಾರೆ. ತಪ್ಪು ತಮ್ಮದು ಎಂದು ಪೊಲೀಸರಿಗೆ ಹೇಳುವುದಾಗಿ ಹಟ ಹಿಡಿದಿದ್ದಾರೆ. ಅವರ ತಪ್ಪಲ್ಲ. ಅವರು ನಾಳೆ ಬಾ ಎಂದು ಸ್ಪಷ್ಟವಾಗಿ ಹೇಳಿದ್ದರು. ಇವತ್ತೇ ಆಗುತ್ತದೆ ಎಂದವನು ನಾನು.

ಬರೆದುಕೊಂಡಿದ್ದನ್ನು ಇನ್‌ಸ್ಪೆಕ್ಟರ್ ನನಗೆ ಪೂರ್ತಿಯಾಗಿ ಓದಿ ಹೇಳಿದರು. ಒಂದು ಕಡೆ ಸಮಯ, ಒಂದು ಕಡೆ ನನ್ನ ಉತ್ತರ ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಡೆದದ್ದೇ.

ನಾಳೆ ಭಾನುವಾರ ಬೆಳಿಗ್ಗೆ 10ಕ್ಕೆ ಲಾಲ್ಯೊ ಪೆಂಚೆವ್ ಅವರ ಹೇಳಿಕೆ ಪಡೆಯುತ್ತಾರೆ. ಮಗುವನ್ನು ಇಂದು ಮಧ್ಯಾಹ್ನ ಒತ್ತಡದ ಆಮ್ಲಜನಕ ಕೋಣೆ ಇರುವ ವಾರ್ನಾದ ಆಸ್ಪತ್ರೆಗೆ ಸಾಗಿಸುತ್ತಾರೆ. ಸೋಮವಾರ, 20ನೇ ತಾರೀಕು ಬೆಳಿಗ್ಗೆ 9ಕ್ಕೆ, ಅಲ್ಲಿನ ವೈದ್ಯರು ಈಗ ಕೊಡುತ್ತಿರುವ ನಿದ್ದೆಯ ಔಷಧ ನಿಲ್ಲಿಸಿ ಮಗು ಕಣ್ಣು ಬಿಡುತ್ತದೆಯೇ ಎಂದು ನೋಡುತ್ತಾರೆ. ಅದೇ ದಿನ 9-30ಕ್ಕೆ ಗಾಬ್ರೊವೊ ಪೊಲೀಸ್ ಅಂಗಳದಲ್ಲಿ ತಜ್ಞರು ಕಾರಿನ ಹೊಗೆ ಕೊಳವೆ ಬಿಚ್ಚುತ್ತಾರೆ. ನಾನು ಹಾಜರಿರಬೇಕು.

ಸ್ಥಳ: ಗಾಬ್ರೊವೊ
ದಿನಾಂಕ: 18-01-2020, ಮಧ್ಯಾಹ್ನ 1-15
ಹೇಳಿಕೆ ಕೊಟ್ಟವರ ಸಹಿ: ಗಾಂಚೊ ದೆಚ್ಕೊವ್ ರಾಯ್ಕೊವ್
ಬರೆದುಕೊಂಡವರ ಸಹಿ: ಡಾರಿನಾ ಪೇವಾ, ಇನ್‌ಸ್ಪೆಕ್ಟರ್